ಬಾಟಲಿಗೆ ಬಡಿದರೆ ದಪ್ಪ ದನಿ, ಊದಿದರೆ ಕೀರಲು

'ಶಬ್ದ ಎಂದರೆ ಕಂಪನ' ಎಂದು ಬಾಯಿಪಾಠ ಮಾಡಿಸುವುದು ಸುಲಭ. ಆರು ವರ್ಷದ ಮಗುವಿಗೆ ಅದರಿಂದ ತಿಳಿಯುವುದು ಅಷ್ಟಕ್ಕಷ್ಟೇ. ಮೊದಲು ಬೆರಳಿಗೆ ತಿಳಿಯಬೇಕು. ಕುತ್ತಿಗೆಯ ಮುಂಭಾಗಕ್ಕೆ ಎರಡು ಬೆರಳು ತಾಗಿಸಿ 'ಮ್‌ಮ್‌ಮ್' ಅನ್ನಲು ಹೇಳಿ. ನಡುಕ ಸಿಗುತ್ತದೆ. ಈಗ 'ಸ್‌ಸ್‌ಸ್' ಅನ್ನಲಿ. ಸದ್ದು ಇದೆ, ಗಂಟಲಲ್ಲಿ ನಡುಕವಿಲ್ಲ! ಚುರುಕಾದ ಮಗು ಇಲ್ಲೇ ತಕರಾರು ತೆಗೆಯುತ್ತದೆ, ತೆಗೆಯಲಿ. ಈ ಸದ್ದು ಹುಟ್ಟುವುದು ಹಲ್ಲಿನ ಹತ್ತಿರದ ಸಂದಿಯಲ್ಲಿ ನುಗ್ಗುವ ಗಾಳಿಯಿಂದ.

ನಡುಕ ಗಾಳಿಯಲ್ಲಿ ಸಾಗಿ ಬರುತ್ತದೆ ಎಂದು ತೋರಿಸಲು ಒಂದು ಬಟ್ಟಲು, ಬಲೂನು, ರಬ್ಬರ್ ಬ್ಯಾಂಡ್ ಮತ್ತು ಒಂದು ಚಿಟಿಕೆ ಸಣ್ಣ ರವೆ ಸಾಕು. ಬಲೂನಿನ ಕತ್ತು ಕತ್ತರಿಸಿ, ಉಳಿದದ್ದನ್ನು ಬಟ್ಟಲಿನ ಬಾಯಿಗೆ ಎಳೆದು ಕಟ್ಟಿ ರವೆ ಉದುರಿಸಿ. ಒಂದು ಗೇಣು ದೂರದಲ್ಲಿ ಸ್ಟೀಲ್ ತಟ್ಟೆ ಹಿಡಿದು ಸೌಟಿನಿಂದ ಬಾರಿಸಿದರೆ ರವೆ ಕುಣಿಯುತ್ತದೆ. ಕುಣಿಯದಿದ್ದರೆ ಬಲೂನು ಸುಕ್ಕುಗಟ್ಟಿದೆ, ಇಲ್ಲವೇ ರವೆ ಹೆಚ್ಚಾಗಿದೆ. ಮಗು ಬಾಗಿ ರವೆಯ ಮೇಲೇ ಕೂಗಿದರೆ ಲೆಕ್ಕಕ್ಕಿಲ್ಲ, ಆಗ ರವೆಯನ್ನು ಸರಿಸುವುದು ಉಸಿರು.

ದಾರದ ಫೋನ್ ಎಲ್ಲರಿಗೂ ಗೊತ್ತು: ಎರಡು ಪೇಪರ್ ಕಪ್, ನಾಲ್ಕೈದು ಮೀಟರ್ ಹತ್ತಿ ದಾರ, ಒಳಗೆ ಬೆಂಕಿಕಡ್ಡಿ ತುಂಡಿಗೆ ಗಂಟು. ದಾರ ಸಡಿಲಾದರೆ, ಅಥವಾ ಬಾಗಿಲ ಚೌಕಟ್ಟಿಗೆ ತಾಗಿದರೆ ನಡುಕ ಅಲ್ಲೇ ಸಾಯುತ್ತದೆ. ಉಣ್ಣೆಯ ದಾರವಂತೂ ಬೇಡವೇ ಬೇಡ.

ನಿಜವಾದ ಮಜಾ ಇರುವುದು ಬಾಟಲಿಯಲ್ಲಿ. ಕಿರಿದಾದ ಬಾಯಿಯ ಗಾಜಿನ ಬಾಟಲಿಯೇ ಆಗಬೇಕು. ಪ್ಲಾಸ್ಟಿಕ್ಕಿಗೆ ಬಡಿದರೆ ಬರೀ 'ಟಪ್' ಅನ್ನುತ್ತದೆ. ಮಡಿಸಿದ ಟವೆಲ್ ಮೇಲೆ ಖಾಲಿ ಬಾಟಲಿ ನಿಲ್ಲಿಸಿ, ಹೊಟ್ಟೆಯ ಭಾಗಕ್ಕೆ ಚಮಚದಿಂದ ಮೆಲ್ಲಗೆ ಬಡಿಯಿರಿ. ಮುಕ್ಕಾಲು ಭಾಗ ನೀರು ತುಂಬಿ ಮತ್ತೆ ಬಡಿಯಿರಿ: ದನಿ ತಗ್ಗಿತು. ಇನ್ನು ಅದೇ ಬಾಟಲಿಯ ಅಂಚನ್ನು ಕೆಳತುಟಿಗೆ ತಾಗಿಸಿ, ಬಾಯಿಯ ಅಡ್ಡಕ್ಕೆ ಊದಿ: ಖಾಲಿ ಇದ್ದಾಗ ದಪ್ಪ ದನಿ, ನೀರಿದ್ದಾಗ ಕೀರಲು. ಪೂರ್ತಿ ಉಲ್ಟಾ!

ಬಡಿದಾಗ ನಡುಗುವುದು ಗಾಜು. ಒಳಗಿನ ನೀರೂ ಅದರ ಜೊತೆ ಅಲುಗಬೇಕು. ಭಾರ ಹೆಚ್ಚಿ ನಡುಕ ನಿಧಾನವಾಗುತ್ತದೆ. ಊದಿದಾಗ ನಡುಗುವುದು ನೀರಿನ ಮೇಲಿನ ಗಾಳಿ. ನೀರು ಏರಿದಷ್ಟೂ ಗಾಳಿಗೆ ಜಾಗ ಕಡಿಮೆ, ನಡುಕ ಬೇಗ ಬೇಗ. ಸೆಕೆಂಡಿಗೆ ಎಷ್ಟು ಸಲ ನಡುಗಿತು ಎಂಬುದೇ ಹರ್ಟ್ಸ್. ನಮ್ಮ ಕಿವಿಗೆ ಕೇಳುವುದು ಸುಮಾರು 20ರಿಂದ 20,000 ಹರ್ಟ್ಸ್ ತನಕ.

ತಳದಲ್ಲಿ ಎರಡು ಬೆರಳಷ್ಟೇ ನೀರಿದ್ದರೆ ಬಡಿದಾಗ ವ್ಯತ್ಯಾಸ ಅಷ್ಟಾಗಿ ತಿಳಿಯದು. ಬಾಟಲಿಯನ್ನು ಮುಷ್ಟಿಯಲ್ಲಿ ಹಿಡಿದರೂ ಸದ್ದು ಸತ್ತುಹೋಗುತ್ತದೆ. ಊದಿದಾಗ ಬರೀ 'ಫುಸ್' ಎಂದರೆ ಗಾಳಿ ನೇರ ಒಳಗೆ ಹೋಗುತ್ತಿದೆ. ಬಾಟಲಿಯನ್ನು ತುಸು ಓರೆ ಮಾಡಿ.

ಮಕ್ಕಳು 'ಜೋರು' ಮತ್ತು 'ಕೀರಲು' ಎರಡನ್ನೂ ಒಂದೇ ಮಾಡಿಬಿಡುತ್ತಾರೆ (ದೊಡ್ಡವರೂ ಕಮ್ಮಿಯಿಲ್ಲ). ಅದೇ ಬಾಟಲಿಗೆ ಮೆಲ್ಲಗೊಮ್ಮೆ, ಸ್ವಲ್ಪ ಬಿರುಸಾಗಿ ಒಮ್ಮೆ ಬಡಿದು ಕೇಳಿಸಿ. ಸದ್ದು ಜೋರಾಯಿತು, ಸ್ವರ ಅದೇ.

ಒಂದೇ ತರಹದ ಎಂಟು ಬಾಟಲಿ ಸಿಕ್ಕರೆ ಸರಿಗಮ ಜೋಡಿಸಬಹುದು. ಬಡಿಯುವುದಕ್ಕಾದರೆ ಜಲತರಂಗದ ಬಟ್ಟಲುಗಳಂತೆ ಕೆಳಗಿನ 'ಸ'ಗೆ ಹೆಚ್ಚು ನೀರು. ಊದುವುದಕ್ಕಾದರೆ ಅದಕ್ಕೇ ಕಡಿಮೆ. ಕೊನೆಯ ಹೊಂದಾಣಿಕೆಯನ್ನು ಲೋಟದಿಂದ ಮಾಡಬೇಡಿ, ಚಮಚದಲ್ಲಿ ಹನಿಸಿ.