ವರ್ಡ್ ಬೇಕಾ, ಲಿಬ್ರೆಆಫೀಸ್ ಸಾಕಾ? ಮೊದಲು ನಿಮ್ಮ ಫೈಲ್ ಎಲ್ಲಿಗೆ ಹೋಗುತ್ತದೆ ನೋಡಿ

ಹೊಸ ಕಂಪ್ಯೂಟರ್ ಕೊಂಡವರು ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ. ಎಂಎಸ್ ಆಫೀಸ್ ಹಾಕಿಸಬೇಕಾ, ಇಲ್ಲಾ ಲಿಬ್ರೆಆಫೀಸ್ ಫ್ರೀ ಸಿಗುತ್ತಲ್ಲ, ಅದೇ ಸಾಕಾ? ಇದಕ್ಕೆ ಇಂಟರ್ನೆಟ್ಟಿನಲ್ಲಿ ಉದ್ದುದ್ದ ಪಟ್ಟಿಗಳಿವೆ. ಇದರಲ್ಲಿ ಇದೆ, ಅದರಲ್ಲಿ ಇಲ್ಲ ಅಂತ ಟಿಕ್ ಮಾರ್ಕ್ ಹಾಕಿಕೊಂಡು ಹೋಗಿರುತ್ತಾರೆ. ಓದಿ ಮುಗಿಸಿದರೂ ಏನೂ ತೀರ್ಮಾನ ಆಗುವುದಿಲ್ಲ, ಯಾಕೆಂದರೆ ದಪ್ಪಕ್ಷರ, ಟೇಬಲ್, ಪುಟಸಂಖ್ಯೆ, ಮೇಲ್ ಮರ್ಜ್ ಎಲ್ಲ ಎಲ್ಲದರಲ್ಲೂ ಇದೆ. ನನ್ನನ್ನು ಕೇಳಿದರೆ ನಾನು ತಿರುಗಿ ಕೇಳುವುದು ಬೇರೆ: ನಿಮಗೆ ಫೈಲ್ ಯಾರಿಂದ ಬರುತ್ತದೆ, ನೀವು ಮಾಡಿದ್ದು ಯಾರಿಗೆ ಹೋಗುತ್ತದೆ, ಅದರಲ್ಲಿ ಕನ್ನಡ ಎಷ್ಟಿರುತ್ತದೆ?

ಇಲ್ಲಿ ಡೆಸ್ಕ್‌ಟಾಪ್ ವಿಚಾರ ಮಾತ್ರ. ಗೂಗಲ್ ಡಾಕ್ಸ್, ಜೋಹೋ ಇವೆಲ್ಲ ಮುಖ್ಯವಾಗಿ ಬ್ರೌಸರಿನಲ್ಲಿ ಓಡುವಂಥವು, ಅವನ್ನು ಬಿಡೋಣ. ಉಳಿಯುವುದು ಮೈಕ್ರೋಸಾಫ್ಟ್ ಆಫೀಸ್, ಲಿಬ್ರೆಆಫೀಸ್, ಓನ್ಲಿಆಫೀಸ್ ಮತ್ತು ಡಬ್ಲ್ಯುಪಿಎಸ್. ಓಪನ್ ಆಫೀಸ್ ಹೆಸರನ್ನು ಈಗಲೂ ಕೆಲವರು ಹೇಳುತ್ತಾರೆ. ಅದನ್ನು ಹಾಕಿಸಬೇಡಿ. ಅದರ ಕಥೆ ಸ್ವಲ್ಪ ಉದ್ದ. ಜರ್ಮನಿಯ ಸ್ಟಾರ್‌ಆಫೀಸನ್ನು 1999ರಲ್ಲಿ ಸನ್ ಕಂಪನಿ ಕೊಂಡು, ಮರುವರ್ಷ ಅದರ ಸೋರ್ಸ್ ಕೋಡ್ ಬಿಡುಗಡೆ ಮಾಡಿತು. 2010ರಲ್ಲಿ ಸನ್ ಕಂಪನಿಯೇ ಒರಾಕಲ್ ಪಾಲಾಯಿತು. ಇದ್ದ ಡೆವಲಪರ್‌ಗಳಲ್ಲಿ ತುಂಬಾ ಜನ ಅದೇ ವರ್ಷ ಹೊರಬಂದು ಡಾಕ್ಯುಮೆಂಟ್ ಫೌಂಡೇಶನ್ ಅಂತ ಕಟ್ಟಿಕೊಂಡು ಲಿಬ್ರೆಆಫೀಸ್ ಶುರು ಮಾಡಿದರು. ಓಪನ್ ಆಫೀಸ್ ಹೆಸರು 2011ರಲ್ಲಿ ಅಪಾಚೆ ಫೌಂಡೇಶನ್ನಿಗೆ ಹೋಯಿತು. ಅಪಾಚೆಯವರ 4.1 ಬಂದಿದ್ದು 2014ರಲ್ಲಿ, ಆಮೇಲೆ ಬಂದದ್ದೆಲ್ಲ ಅದರದ್ದೇ ಸಣ್ಣಪುಟ್ಟ ರಿಪೇರಿ. ಹೆಸರು ಅಲ್ಲಿ ಉಳಿಯಿತು, ಕೆಲಸ ಇಲ್ಲಿ ನಡೆಯುತ್ತಿದೆ.

ಎಕ್ಸೆಲ್‌ನಿಂದ ಶುರು ಮಾಡೋಣ. ಅಲ್ಲಿ ವಾದಕ್ಕೆ ಹೆಚ್ಚು ಜಾಗ ಇಲ್ಲ. ನೀವು ಅಕೌಂಟ್ಸ್ ಕೆಲಸದವರಾದರೆ, ಜಿಎಸ್‌ಟಿ ರಿಟರ್ನ್ ತುಂಬುವವರಾದರೆ, ಎಂಎಸ್ ಎಕ್ಸೆಲ್ ಇರಲೇಬೇಕು. ಜಿಎಸ್‌ಟಿ ಪೋರ್ಟಲ್‌ನ ಜಿಎಸ್‌ಟಿಆರ್-3ಬಿ ಆಫ್‌ಲೈನ್ ಯುಟಿಲಿಟಿ ಅನ್ನುವುದೇ ಮ್ಯಾಕ್ರೋ (ಫೈಲ್ ಒಳಗೇ ಓಡುವ ಸಣ್ಣ ಪ್ರೋಗ್ರಾಂ) ತುಂಬಿದ ಒಂದು ಎಕ್ಸೆಲ್ ಫೈಲ್. ಎಕ್ಸೆಲ್ 2007 ಅಥವಾ ಅದರ ನಂತರದ್ದು ಇರಬೇಕು ಅಂತ ಅವರೇ ಬರೆದಿರುತ್ತಾರೆ. ಆದಾಯ ತೆರಿಗೆ ಇಲಾಖೆಯ ಎಕ್ಸೆಲ್ ಯುಟಿಲಿಟಿಯೂ ಅದೇ ಜಾತಿ. ಲಿಬ್ರೆಆಫೀಸ್ ಕ್ಯಾಲ್ಕ್‌ಗೆ ಎಕ್ಸೆಲ್‌ನ ವಿಬಿಎ ಭಾಷೆಯ ಮ್ಯಾಕ್ರೋ ಸ್ವಲ್ಪ ಮಟ್ಟಿಗೆ ಅರ್ಥವಾಗುತ್ತದೆ, ಆದರೆ ಕೊನೇ ದಿನಾಂಕದ ಹಿಂದಿನ ರಾತ್ರಿ "ಸ್ವಲ್ಪ ಮಟ್ಟಿಗೆ" ಸಾಲುವುದಿಲ್ಲ. ಓನ್ಲಿಆಫೀಸ್‌ನ ಮ್ಯಾಕ್ರೋ ಇರುವುದೇ ಜಾವಾಸ್ಕ್ರಿಪ್ಟಿನಲ್ಲಿ, ಹಾಗಾಗಿ ಅದರ ಮಾತೇ ಬೇಡ. ಹೊರಗಿನ ಡೇಟಾ ತಂದು ಒಪ್ಪಮಾಡುವ ಎಕ್ಸೆಲ್‌ನ ಪವರ್ ಕ್ವೆರಿಯಲ್ಲಿ ಕೈ ಪಳಗಿದವರಿಗೂ ಬೇರೆ ಯಾವುದೂ ಹಿಡಿಸುವುದಿಲ್ಲ.

ಆದರೆ ಸಂಘದ ಲೆಕ್ಕ, ಮದುವೆ ಖರ್ಚು, ಶಾಲೆಯ ಅಂಕಪಟ್ಟಿ, ತೋಟದ ಜಮಾಖರ್ಚು ಇಂಥದ್ದಕ್ಕೆ ಕ್ಯಾಲ್ಕ್ ಧಾರಾಳ ಸಾಕು. ಸಾಲುಗಳು ಎರಡರಲ್ಲೂ 10,48,576. ಕಾಲಂ ಮೊದಲು ಕ್ಯಾಲ್ಕ್‌ನಲ್ಲಿ 1,024 ಇದ್ದವು, 2022ರ 7.4 ಆವೃತ್ತಿಯಿಂದ ಎಕ್ಸೆಲ್‌ನಷ್ಟೇ, ಅಂದರೆ 16,384. ಪಟ್ಟಿಯಲ್ಲಿ ಹುಡುಕಿ ತರುವ ಎಕ್ಸ್‌ಲುಕಪ್ ಸೂತ್ರ ಇಲ್ಲ ಅನ್ನುವ ದೂರೂ 2024ರ 24.8 ಆವೃತ್ತಿಗೆ ಮುಗಿಯಿತು. ಒಂದು ಮಾತು, ಹಳೇ .ಎಕ್ಸ್‌ಎಲ್‌ಎಸ್ ಫಾರ್ಮ್ಯಾಟಿನಲ್ಲಿ ಇನ್ನೂ ದೊಡ್ಡ ಪಟ್ಟಿ ಸೇವ್ ಮಾಡುತ್ತಿದ್ದರೆ ನಿಲ್ಲಿಸಿ. ಅದರಲ್ಲಿ ಹಿಡಿಸುವುದು 65,536 ಸಾಲು ಮಾತ್ರ. 2020ರಲ್ಲಿ ಇಂಗ್ಲೆಂಡಿನಲ್ಲಿ ಸುಮಾರು 16 ಸಾವಿರ ಕೋವಿಡ್ ಪ್ರಕರಣಗಳು ಲೆಕ್ಕದಿಂದ ಬಿಟ್ಟುಹೋಗಿದ್ದು ಇದೇ ಹಳೇ ಫಾರ್ಮ್ಯಾಟಿನ ಮಿತಿಯಿಂದ.

ನನಗೆ ಕ್ಯಾಲ್ಕ್ ನಿಜವಾಗಿ ಇಷ್ಟವಾಗುವುದು ಸಿಎಸ್‌ವಿ ಫೈಲ್, ಅಂದರೆ ಅಲ್ಪವಿರಾಮ ಹಾಕಿ ಬರೆದ ಬರೀ ಪಠ್ಯದ ಪಟ್ಟಿ ತೆರೆಯುವಾಗ. ಕನ್ನಡ ಹೆಸರುಗಳಿರುವ ಸಿಎಸ್‌ವಿ ಫೈಲನ್ನು ಡಬಲ್ ಕ್ಲಿಕ್ ಮಾಡಿ ಎಕ್ಸೆಲ್‌ನಲ್ಲಿ ತೆರೆದು ನೋಡಿ. ಫೈಲ್‌ನ ತಲೆಯಲ್ಲಿ ಅಕ್ಷರಗಳ ಎನ್‌ಕೋಡಿಂಗ್ ಯುಟಿಎಫ್-8 ಅನ್ನುವ ಗುರುತು ಇಲ್ಲದಿದ್ದರೆ ಹೆಸರುಗಳೆಲ್ಲ ಚಿತ್ರವಿಚಿತ್ರ ಚಿಹ್ನೆಗಳಾಗಿ ಬರುತ್ತವೆ. ಬ್ಯಾಂಕ್ ಖಾತೆ ಸಂಖ್ಯೆ 15 ಅಂಕಿಗಿಂತ ಉದ್ದ ಇದ್ದರೆ ಇನ್ನೂ ಅಪಾಯ, 15ರ ನಂತರದ ಅಂಕಿಗಳೆಲ್ಲ ಸೊನ್ನೆಯಾಗುತ್ತವೆ. ಎಕ್ಸೆಲ್‌ನಲ್ಲಿ ಇದಕ್ಕೆ ದಾರಿ ಇಲ್ಲ ಅಂತಲ್ಲ, ಡೇಟಾ ಮೆನುವಿಗೆ ಹೋಗಿ ಅಲ್ಲಿಂದ ಇಂಪೋರ್ಟ್ ಮಾಡಿ, ಖಾತೆ ಸಂಖ್ಯೆಯ ಕಾಲಂ ಟೆಕ್ಸ್ಟ್ ಅಂತ ಆರಿಸಿದರೆ ಎಲ್ಲ ಸರಿ ಬರುತ್ತದೆ, ಆದರೆ ಹಾಗೆ ಮಾಡುವವರು ಎಷ್ಟು ಜನ? ಕ್ಯಾಲ್ಕ್ ಹಾಗಲ್ಲ. ತೆರೆಯುವ ಮೊದಲೇ ಒಂದು ಕಿಟಕಿ ತೋರಿಸಿ ಕೇಳುತ್ತದೆ. ಯಾವ ಎನ್‌ಕೋಡಿಂಗ್, ಯಾವ ಕಾಲಂ ಸಂಖ್ಯೆ, ಯಾವ ಕಾಲಂ ಬರೀ ಪಠ್ಯ. ಖಾತೆ ಸಂಖ್ಯೆಯ ಕಾಲಂ ಆರಿಸಿ ಟೆಕ್ಸ್ಟ್ ಅಂದರೆ ಮುಗಿಯಿತು. ಪ್ರತಿ ಸಲ ಕೇಳುತ್ತದೆ ಅಂತ ಕಿರಿಕಿರಿ ಮಾಡಿಕೊಳ್ಳುವವರಿದ್ದಾರೆ. ಕೇಳಲಿ ಬಿಡಿ.

ಇನ್ನು ಸರ್ವೆ ನಂಬರ್. 12/3 ಅಂತ ಹೊಡೆದರೆ ಅದು ತಾರೀಖು ಆಗಿಬಿಡುತ್ತದೆ. ಹಳ್ಳಿಯ ಜಮೀನಿನ ಪಟ್ಟಿ ಮಾಡಿದವರಿಗೆಲ್ಲ ಈ ಕಾಟ ಗೊತ್ತು, ಅಲ್ವಾ? ಇದು ನಮ್ಮೊಬ್ಬರ ಗೋಳಲ್ಲ. ಎಕ್ಸೆಲ್ ತಾರೀಖು ಮಾಡುತ್ತದೆ ಅನ್ನುವ ಕಾರಣಕ್ಕೇ 2020ರಲ್ಲಿ ಮನುಷ್ಯರ ಕೆಲವು ಜೀನ್‌ಗಳ ಹೆಸರನ್ನೇ ವಿಜ್ಞಾನಿಗಳು ಬದಲಾಯಿಸಿದರು. ಎಕ್ಸೆಲ್‌ನಲ್ಲಿ ಕಾಲಂ ಅನ್ನು ಮೊದಲೇ ಟೆಕ್ಸ್ಟ್ ಮಾಡಿಕೊಳ್ಳಬೇಕು, ಇಲ್ಲವೇ ಮುಂದೆ ಒಂದು ಸಿಂಗಲ್ ಕೋಟ್ ಹಾಕಬೇಕು. ಕ್ಯಾಲ್ಕೂ ಸುಮ್ನೆ ಬಿಟ್ಟರೆ ಅದೇ ತಪ್ಪು ಮಾಡುತ್ತದೆ, ಆದರೆ ಅಲ್ಲಿ ಆಪ್ಷನ್ಸ್‌ನ ಭಾಷೆಯ ವಿಭಾಗದಲ್ಲಿ "ಯಾವ ನಮೂನೆಯನ್ನು ತಾರೀಖು ಅಂತ ಒಪ್ಪಬೇಕು" ಅನ್ನುವ ಒಂದು ಜಾಗ ಇದೆ. ದಿನ-ತಿಂಗಳು ಎರಡೇ ಇರುವ ನಮೂನೆಯನ್ನು ಅಲ್ಲಿಂದ ಅಳಿಸಿ, ದಿನ-ತಿಂಗಳು-ವರ್ಷ ಮೂರೂ ಇರುವುದನ್ನು ಮಾತ್ರ ಉಳಿಸಿ. ಅಲ್ಲಿಗೆ ಸರ್ವೆ ನಂಬರ್ ಸರ್ವೆ ನಂಬರಾಗಿಯೇ ಇರುತ್ತದೆ. ಇದಕ್ಕೂ ಮೊದಲೇ ಅದೇ ಜಾಗದಲ್ಲಿ ಲೊಕೇಲ್, ಅಂದರೆ ಯಾವ ದೇಶದ ರೂಢಿ ಅನ್ನುವುದನ್ನು, ಇಂಗ್ಲಿಷ್ (ಇಂಡಿಯಾ) ಮಾಡಿಬಿಡಿ (ಆಮೇಲೆ ಮಾಡಿದರೆ ನೀವು ಅಳಿಸಿದ ನಮೂನೆ ವಾಪಸ್ ಬರುತ್ತದೆ), ಅಲ್ಪವಿರಾಮ ಲಕ್ಷ-ಕೋಟಿ ಲೆಕ್ಕಕ್ಕೆ ಬೀಳುತ್ತದೆ. ಎಕ್ಸೆಲ್ ಇದನ್ನು ವಿಂಡೋಸ್‌ನ ರೀಜನ್ ಸೆಟ್ಟಿಂಗ್‌ನಿಂದ ತೆಗೆದುಕೊಳ್ಳುತ್ತದೆ, ಬದಲಾಯಿಸಬೇಕಾದ್ದು ಅಲ್ಲಿ.

ಈಗ ಕನ್ನಡ. ಇಲ್ಲಿ ಜನ ಸಾಫ್ಟ್‌ವೇರನ್ನು ಬೈಯುವುದು ಜಾಸ್ತಿ, ತಪ್ಪು ಬೇರೆ ಕಡೆ ಇರುತ್ತದೆ. ನುಡಿ, ಬರಹದ ಹಳೇ ಆನ್ಸಿ ಫಾಂಟಿನಲ್ಲಿ ಟೈಪ್ ಮಾಡಿದ ಫೈಲ್ ಒಳಗೆ ಇರುವುದು ಕನ್ನಡವೇ ಅಲ್ಲ, ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳು. ಫಾಂಟ್ ಅವಕ್ಕೆ ಕನ್ನಡದ ವೇಷ ಹಾಕಿರುತ್ತದೆ ಅಷ್ಟೆ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ವರ್ಡ್ ಆದರೂ ಒಂದೇ, ಲಿಬ್ರೆಆಫೀಸ್‌ನ ರೈಟರ್ ಆದರೂ ಒಂದೇ, ಕಾಣುವುದು ಗೀಚು. ಇನ್ನೂ ಒಂದು ತಮಾಷೆ ಇದೆ. ವಾಕ್ಯದ ಮೊದಲ ಅಕ್ಷರವನ್ನು ಕ್ಯಾಪಿಟಲ್ ಮಾಡುವ ಆಟೋಕರೆಕ್ಟ್ ಎರಡರಲ್ಲೂ ಇರುತ್ತದೆ. ಆನ್ಸಿ ಕನ್ನಡದಲ್ಲಿ ಅದು ಸಣ್ಣಕ್ಷರವನ್ನು ದೊಡ್ಡದು ಮಾಡಿದ ಕೂಡಲೇ ಕನ್ನಡದ ಅಕ್ಷರವೇ ಬದಲಾಗಿ ಹೋಗುತ್ತದೆ. ಶಾಲೆಯ ಪ್ರಶ್ನೆಪತ್ರಿಕೆ, ಕಚೇರಿಯ ಸುತ್ತೋಲೆ ಇನ್ನೂ ಹೀಗೆ ಟೈಪ್ ಮಾಡುವವರು ಮೊದಲು ಆಟೋಕರೆಕ್ಟ್ ಆಫ್ ಮಾಡಿ. ಸಾಧ್ಯವಾದರೆ ಕನ್ನಡ ಅಕ್ಷರಕ್ಕೆ ತನ್ನದೇ ಸಂಕೇತ ಇರುವ ಯುನಿಕೋಡಿಗೇ ಬನ್ನಿ, ಕೀಲಿಮಣೆ ವಿನ್ಯಾಸ ಅದೇ ಇಟ್ಟುಕೊಂಡು ಯುನಿಕೋಡಿನಲ್ಲಿ ಟೈಪ್ ಮಾಡಬಹುದು.

ಯುನಿಕೋಡಿನಲ್ಲಿ ಬರೆಯುವವರಿಗೆ ಲಿಬ್ರೆಆಫೀಸ್‌ನಲ್ಲಿ ಮೊದಲ ದಿನ ತಲೆ ಕೆಡುವ ಒಂದು ವಿಷಯ ಇದೆ. ಸ್ಟೈಲ್‌ನಲ್ಲಿ ಫಾಂಟ್ ಬದಲಾಯಿಸುತ್ತೀರಿ, ಇಂಗ್ಲಿಷ್ ಬದಲಾಗುತ್ತದೆ, ಕನ್ನಡ ಕದಲುವುದಿಲ್ಲ. ಯಾಕೆಂದರೆ ಕನ್ನಡ, ಹಿಂದಿ, ತಮಿಳಿಗೆಲ್ಲ ಅಲ್ಲಿ ಬೇರೆ ಜಾಗ. ಅದಕ್ಕೆ ಸಿಟಿಎಲ್ (ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್) ಅಂತ ಹೆಸರು. ಭಾಷೆಯ ಸೆಟ್ಟಿಂಗ್‌ನಲ್ಲಿ ಅದನ್ನು ಆನ್ ಮಾಡಿ, ಭಾಷೆ ಕನ್ನಡ ಅಂತ ಆರಿಸಿದರೆ ಸರಿಹೋಗುತ್ತದೆ. ವರ್ಡ್‌ನಲ್ಲೂ ಈ ವ್ಯವಸ್ಥೆ ಇದೆ, ಫಾಂಟ್ ಡಬ್ಬಿಯಲ್ಲಿ ಕಾಂಪ್ಲೆಕ್ಸ್ ಸ್ಕ್ರಿಪ್ಟ್ಸ್ ಅನ್ನುವ ಜಾಗದಲ್ಲಿ. ಒಮ್ಮೆ ಅಭ್ಯಾಸವಾದರೆ ಇದು ತೊಂದರೆಯಲ್ಲ, ಅನುಕೂಲ. ಕನ್ನಡಕ್ಕೆ ಒಂದು ಅಳತೆ, ನಡುವೆ ಬರುವ ಇಂಗ್ಲಿಷ್ ಪದಕ್ಕೆ ಇನ್ನೊಂದು ಅಳತೆ ಅಂತ ಸ್ಟೈಲ್‌ನಲ್ಲೇ ಇಟ್ಟುಬಿಟ್ಟರೆ ಪುಟ ನೋಡಲು ಸಮನಾಗಿ ಕಾಣುತ್ತದೆ. 2017ರ 5.3 ಆವೃತ್ತಿಯಿಂದ ಲಿಬ್ರೆಆಫೀಸ್ ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಅಕ್ಷರ ಜೋಡಿಸಲು ಹಾರ್ಫ್‌ಬಝ್ ಅನ್ನುವ ಒಂದೇ ತಂತ್ರಾಂಶ ಬಳಸುತ್ತಿದೆ, ಹಾಗಾಗಿ ಫಾಂಟ್ ಒಂದೇ ಆಗಿದ್ದರೆ ಒತ್ತಕ್ಷರವೂ ಮೂರರಲ್ಲಿ ಒಂದೇ ಥರ ಕೂರುತ್ತದೆ. ಕನ್ನಡ ಸ್ಪೆಲ್ ಚೆಕ್ ಮಾತ್ರ ಯಾವುದರದ್ದನ್ನೂ ನೆಚ್ಚಬೇಡಿ. ಪ್ರತ್ಯಯದ ಮೇಲೆ ಪ್ರತ್ಯಯ ಸೇರುವ ನಮ್ಮ ಪದಗಳಿಗೆ ಅವು ಸುಮ್ನೆ ಕೆಂಪು ಗೆರೆ ಎಳೆಯುತ್ತಾ ಹೋಗುತ್ತವೆ.

"ವರ್ಡ್ ಫೈಲ್ ಲಿಬ್ರೆಯಲ್ಲಿ ತೆರೆದರೆ ಅಲೈನ್‌ಮೆಂಟ್ ಹಾಳಾಗುತ್ತದೆ" ಅನ್ನುವುದು ಎಲ್ಲರೂ ಹೇಳುವ ದೂರು. ನಿಜವೇ. ಆದರೆ ಬಹಳ ಸಲ ಕಾರಣ ಫಾಂಟ್. ಕಳಿಸಿದವರು ಕ್ಯಾಲಿಬ್ರಿಯಲ್ಲಿ ಬರೆದಿರುತ್ತಾರೆ, ನಿಮ್ಮ ಲಿನಕ್ಸ್‌ನಲ್ಲಿ ಕ್ಯಾಲಿಬ್ರಿ ಇರುವುದಿಲ್ಲ. ಅದೇ ಅಗಲದ ಅಕ್ಷರಗಳಿರುವ ಕಾರ್ಲಿಟೊ ಹಾಕಿಕೊಂಡರೆ ಸಾಲು ಮುರಿಯುವುದು ಹೆಚ್ಚುಕಡಿಮೆ ನಿಲ್ಲುತ್ತದೆ. ಕನ್ನಡಕ್ಕೆ ಈ ಥರ ಜೋಡಿ ಫಾಂಟ್ ಇಲ್ಲ. ನಿರ್ಮಲಾ ಫಾಂಟಿನಲ್ಲಿ ಬರೆದದ್ದು ನೋಟೋ ಫಾಂಟಿನಲ್ಲಿ ತೆರೆದರೆ ಪುಟ ಹೆಚ್ಚುಕಮ್ಮಿ ಆಗಿಯೇ ಆಗುತ್ತದೆ. ಇದಕ್ಕೆ ಫೈಲ್ ಒಳಗೇ ಫಾಂಟ್ ಸೇರಿಸಿ ಕಳಿಸುವ ಸೌಲಭ್ಯ ಎರಡರಲ್ಲೂ ಇದೆ. ವರ್ಡ್‌ನಲ್ಲಿ ಆಪ್ಷನ್ಸ್‌ನ ಸೇವ್ ವಿಭಾಗದಲ್ಲಿ, ರೈಟರ್‌ನಲ್ಲಿ ಫೈಲ್ ಪ್ರಾಪರ್ಟೀಸ್‌ನಲ್ಲಿ. ಫೈಲ್ ದಪ್ಪ ಆಗುತ್ತದೆ, ಆಗಲಿ.

ಸ್ಪೇಸ್ ಬಾರ್ ಒತ್ತಿ ಒತ್ತಿ ಅಲೈನ್ ಮಾಡಿದ ಫೈಲನ್ನು ಮಾತ್ರ ಯಾವ ಸಾಫ್ಟ್‌ವೇರೂ ಉಳಿಸಲಾರದು.

ಇಡೀ ಪುಸ್ತಕ, ಪ್ರಬಂಧ, ಸ್ಮರಣ ಸಂಚಿಕೆ ಮಾಡುವವರಿಗೆ ನನ್ನ ಓಟು ರೈಟರ್‌ಗೆ. ಅದರಲ್ಲಿ ಪುಟಕ್ಕೂ ಸ್ಟೈಲ್ ಇದೆ. ಮೊದಲ ಪುಟಕ್ಕೆ ಒಂದು, ಎಡಪುಟಕ್ಕೆ ಒಂದು, ಬಲಪುಟಕ್ಕೆ ಒಂದು, ಅಡ್ಡ ಟೇಬಲ್ ಇರುವ ಪುಟಕ್ಕೆ ಇನ್ನೊಂದು. ವರ್ಡ್‌ನಲ್ಲಿ ಇದನ್ನೇ ಸೆಕ್ಷನ್ ಬ್ರೇಕ್ ಹಾಕಿ ಮಾಡಬೇಕು, ನಡುವೆ ಯಾರೋ ಒಂದು ಬ್ರೇಕ್ ಅಳಿಸಿದರೆ ಹಿಂದಿನ ಪುಟಗಳ ಹೆಡರ್ ಎಲ್ಲ ಕಲಸುಮೇಲೋಗರ. ಅದೇ ನಾಲ್ಕು ಜನ ಸೇರಿ ತಿದ್ದುವ ಕಡತವಾದರೆ ವರ್ಡ್ ಮುಂದೆ. ಒನ್‌ಡ್ರೈವ್‌ನಲ್ಲಿಟ್ಟು ಏಕಕಾಲಕ್ಕೆ ಎಲ್ಲರೂ ಬರೆಯಬಹುದು, ರೈಟರ್‌ನಲ್ಲಿ ಅದು ಇಲ್ಲ. ಪ್ರೆಸೆಂಟೇಶನ್ ಬಗ್ಗೆ ಹೇಳುವುದು ಕಡಿಮೆ: ಪವರ್‌ಪಾಯಿಂಟ್ ಚೆನ್ನಾಗಿದೆ, ಲಿಬ್ರೆಯ ಇಂಪ್ರೆಸ್ ನಡೆಯುತ್ತದೆ.

ಓನ್ಲಿಆಫೀಸ್ ನೋಡಲು ಥೇಟ್ ಎಂಎಸ್ ಆಫೀಸ್. ಅದರ ಮೂಲ ಫಾರ್ಮ್ಯಾಟೇ ವರ್ಡ್, ಎಕ್ಸೆಲ್‌ನ .docx, .xlsx ಆದ್ದರಿಂದ ಇಂಗ್ಲಿಷ್ ಫೈಲುಗಳ ಅಂದ ಕೆಡುವುದು ಕಡಿಮೆ. ಲಿಬ್ರೆಆಫೀಸ್‌ನ ಮೆನು ಹಳೇ ಕಾಲದ್ದು ಅನ್ನಿಸುವವರಿಗೆ ಒಳ್ಳೆಯದು, ಆದರೂ ಲಿಬ್ರೆಯ ವ್ಯೂ ಮೆನುವಿನಲ್ಲಿ ಯೂಸರ್ ಇಂಟರ್‌ಫೇಸ್ ಒತ್ತಿ ಟ್ಯಾಬ್ಡ್ ಅಂತ ಆರಿಸಿದರೆ ಅಲ್ಲೂ ರಿಬ್ಬನ್ ಬರುತ್ತದೆ ಅನ್ನುವುದು ತುಂಬಾ ಜನಕ್ಕೆ ಗೊತ್ತಿಲ್ಲ. ಕನ್ನಡದ ಕೆಲಸಕ್ಕೆ ಓನ್ಲಿಆಫೀಸ್ ಹಾಕುವ ಮುಂಚೆ ನಿಮ್ಮ ಫಾಂಟಿನಲ್ಲಿ ಸ್ತ್ರೀ, ರಾಷ್ಟ್ರ, ಸೂರ್ಯ, ಜ್ಞಾನ ಅಂತ ನಾಲ್ಕು ಪದ ಹೊಡೆದು, ಪಿಡಿಎಫ್ ಮಾಡಿ ನೋಡಿಕೊಳ್ಳಿ. ಡಬ್ಲ್ಯುಪಿಎಸ್ ಚೀನಾದ ಕಿಂಗ್‌ಸಾಫ್ಟ್ ಕಂಪನಿಯದ್ದು, ಹಗುರವಾಗಿದೆ, ಆದರೆ ಫ್ರೀ ಆವೃತ್ತಿಯ ಜಾಹೀರಾತು ನನಗೆ ಸಹಿಸಲು ಆಗುವುದಿಲ್ಲ.

ದುಡ್ಡಿನ ಮಾತು. ಅಂಗಡಿಯವರು ಕಂಪ್ಯೂಟರ್ ಜೋಡಿಸಿ ಕೊಡುವಾಗ "ಆಫೀಸ್ ಹಾಕಿದ್ದೀನಿ ಸಾರ್" ಅಂದರೆ ಅದು ಲೈಸೆನ್ಸ್ ಇರುವುದಾ ಅಂತ ಕೇಳಿ. ಆಂಟಿವೈರಸ್ ಆಫ್ ಮಾಡಿಸಿ ಹಾಕುವ ಕ್ರ್ಯಾಕ್ ಇರುವ ಯಂತ್ರದಲ್ಲಿ ನೆಟ್ ಬ್ಯಾಂಕಿಂಗ್ ಮಾಡುವ ಧೈರ್ಯ ನನಗಂತೂ ಇಲ್ಲ. ಆಫೀಸ್ 2016 ಮತ್ತು 2019 ಇಟ್ಟುಕೊಂಡವರಿಗೆ 2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ಬೆಂಬಲ ಮುಗಿದಿದೆ. 2021ರದ್ದಕ್ಕೆ 2026ರ ಅಕ್ಟೋಬರ್ 13 ಕೊನೆ. ವರ್ಷವರ್ಷ ಕಟ್ಟುವ ಮೈಕ್ರೋಸಾಫ್ಟ್ 365 ಫ್ಯಾಮಿಲಿಯಲ್ಲಿ ಆರು ಜನಕ್ಕೆ ತಲಾ 1 ಟಿಬಿ ಒನ್‌ಡ್ರೈವ್ ಜಾಗ ಸಿಗುತ್ತದೆ, ಫೋಟೋ ಇಡುವುದಕ್ಕೆ ಅಂತಲೇ ಅದನ್ನು ತೆಗೆದುಕೊಳ್ಳುವ ಮನೆಗಳಿವೆ, ಅಂಥವರಿಗೆ ವರ್ಡ್, ಎಕ್ಸೆಲ್ ಜೊತೆಗೆ ಬಂದ ಹಾಗೆ.

ಎರಡೂ ಒಟ್ಟಿಗೆ ಇರಬಾರದು ಅಂತೇನೂ ಇಲ್ಲ. ಎಕ್ಸೆಲ್ ಬೇಕಾದ ಒಂದು ಯಂತ್ರಕ್ಕೆ ಲೈಸೆನ್ಸ್ ಕೊಂಡು, ಆಫೀಸಿನ ಉಳಿದ ಯಂತ್ರಗಳಿಗೆಲ್ಲ ಲಿಬ್ರೆಆಫೀಸ್ ಹಾಕಬಹುದು. ಹೊರಗೆ ಹೋಗುವ ಕಡತ, ತಿದ್ದುವ ಅಗತ್ಯ ಇಲ್ಲದಿದ್ದರೆ, ಪಿಡಿಎಫ್‌ನಲ್ಲೇ ಹೋಗಲಿ. ರೈಟರ್‌ನಲ್ಲಿ ಪಿಡಿಎಫ್ ಮಾಡುವಾಗ ಹೈಬ್ರಿಡ್ ಪಿಡಿಎಫ್ ಅನ್ನುವ ಒಂದು ಚೌಕ ಇರುತ್ತದೆ. ಅದಕ್ಕೆ ಟಿಕ್ ಹಾಕಿದರೆ ರೈಟರ್‌ನ ಮೂಲ ಓಡಿಟಿ ಫೈಲೂ ಆ ಪಿಡಿಎಫ್ ಒಳಗೇ ಕೂತಿರುತ್ತದೆ. ಓದುವವರಿಗೆ ಅದು ಮಾಮೂಲಿ ಪಿಡಿಎಫ್, ನೀವು ಮತ್ತೆ ಲಿಬ್ರೆಆಫೀಸ್‌ನಲ್ಲಿ ತೆರೆದರೆ ಪೂರ್ತಿ ತಿದ್ದಬಹುದು.