ಪವಿತ್ರ ಶನಿವಾರದ ಓದು

ಈಸ್ಟರ್‌ಗೆ ಮುಂಚಿನ ತಪಸ್ಸುಕಾಲದುದ್ದಕ್ಕೂ ಶ್ರದ್ಧೆಯಿಂದ ದೈವಶಾಸ್ತ್ರ ಓದುವವರಲ್ಲಿ ಬಹಳಷ್ಟು ಜನ ಶುಭ ಶುಕ್ರವಾರದ ಸಂಜೆಗೆ ಪುಸ್ತಕ ಮುಚ್ಚಿಬಿಡುತ್ತಾರೆ. ಮತ್ತೆ ತೆರೆಯುವುದು ಪಾಸ್ಕ (ಈಸ್ಟರ್) ಹಬ್ಬ ಮುಗಿದ ಮೇಲೆಯೇ. ನಡುವಿನ ಶನಿವಾರ ಹಬ್ಬದ ತಯಾರಿಗೆ ಹೋಗುತ್ತದೆ. ಆದರೆ ಇಡೀ ಆರಾಧನಾ ವರ್ಷದಲ್ಲಿ ಓದಿಗೆಂದೇ ಹೇಳಿಮಾಡಿಸಿದಂಥ ದಿನ ಅದೇ ಎಂದು ನನ್ನ ದೃಢ ನಂಬಿಕೆ.

ಕಥೋಲಿಕ ವಿಧಿಯಲ್ಲಿ ಅಂದು ಹಗಲು ಬಲಿಪೂಜೆ (ಮಾಸ್) ಇಲ್ಲ. ಗುರುವಾರ ರಾತ್ರಿಯೇ ಪೀಠದ ವಸ್ತ್ರ ತೆಗೆದಿರುತ್ತಾರೆ. ಸಾವಿನಂಚಿನಲ್ಲಿರುವವರಿಗೆ ಬಿಟ್ಟರೆ ಬೇರೆ ಯಾರಿಗೂ ಪರಮಪ್ರಸಾದ (ಪೂಜೆಯಲ್ಲಿ ಪವಿತ್ರೀಕರಿಸಿದ ರೊಟ್ಟಿ) ಕೊಡುವುದಿಲ್ಲ. ಬೇರೆ ಕಾಲಗಳಲ್ಲಿ ದೊಡ್ಡ ಪುಸ್ತಕ ಹಿಡಿಯಬಹುದು. ನಾಲ್ಕನೇ ಶತಮಾನದ ದೈವಶಾಸ್ತ್ರಜ್ಞ ಅಥನಾಸಿಯಸ್ ನರಾವತಾರದ (ದೇವಪುತ್ರ ಮನುಷ್ಯನಾದದ್ದರ) ಬಗ್ಗೆ ಬರೆದ ಕೃತಿಯಲ್ಲಿ 57 ಪುಟ್ಟ ಅಧ್ಯಾಯಗಳಿವೆ. ಕ್ರಿಸ್ಮಸ್ಸಿಗೆ ಮುಂಚಿನ ಆಗಮನ ಕಾಲ 22ರಿಂದ 28 ದಿನಗಳಷ್ಟಿರುವುದರಿಂದ ದಿನಕ್ಕೆ ಎರಡೋ ಮೂರೋ ಓದಿದರೆ ಕ್ರಿಸ್ಮಸ್ಸಿಗೆ ಮುಗಿಯುತ್ತದೆ. ಜೆರುಸಲೇಮಿನ ಸಿರಿಲ್ ನಾಲ್ಕನೇ ಶತಮಾನದಲ್ಲಿ ದೀಕ್ಷಾಸ್ನಾನಕ್ಕೆ ಸಿದ್ಧರಾಗುತ್ತಿದ್ದವರಿಗೆ ಕೊಟ್ಟ 18 ಉಪದೇಶಗಳು, ವಾರಕ್ಕೆ ಮೂರರಂತೆ, ತಪಸ್ಸುಕಾಲದ ಆರು ವಾರಕ್ಕೆ ಸರಿಹೊಂದುತ್ತವೆ. ಶನಿವಾರಕ್ಕೆ ಮಾತ್ರ ಪುಸ್ತಕ ಬೇಡ. ಪ್ರೇಷಿತರ ವಿಶ್ವಾಸ ಪ್ರಮಾಣದ ಒಂದೇ ಮಾತು ಸಾಕು: ಪಾತಾಳಕ್ಕಿಳಿದರು. ಅಂದರೆ ಕ್ರಿಸ್ತ ಸತ್ತ ಮೇಲೆ ಸತ್ತವರ ಲೋಕಕ್ಕಿಳಿದ ಎಂಬ ಮಾತು. ನೈಸೀನ್ ವಿಶ್ವಾಸ ಪ್ರಮಾಣದಲ್ಲಿ ಈ ಮಾತು ಇಲ್ಲ. ಭಾನುವಾರಗಳಂದು ಅದನ್ನೇ ಹೇಳುವವರ ಕಿವಿಗೆ ಇದು ಅಪರೂಪ.

ಬೆಳಿಗ್ಗೆ 88ನೇ ಕೀರ್ತನೆಯನ್ನು ಗಟ್ಟಿಯಾಗಿ ಓದಿ. ಉಳಿದ ಶೋಕಗೀತೆಗಳಂತೆ ಇದು ಕೊನೆಗೆ ಸ್ತುತಿಯ ಕಡೆ ತಿರುಗುವುದಿಲ್ಲ, ಕತ್ತಲಲ್ಲೇ ಮುಗಿಯುತ್ತದೆ. ಆ ಕತ್ತಲು ತಡೆಯಲಾಗದೆ ತಕ್ಷಣ ಇನ್ನೊಂದು ಸಮಾಧಾನದ ಕೀರ್ತನೆ ಜೋಡಿಸುವವರಿದ್ದಾರೆ. ಹಾಗೆ ಮಾಡಿದರೆ ದಿನವೇ ಕೆಟ್ಟಂತೆ. ಸತ್ತವನು ನಿಜವಾಗಿ ಸತ್ತಿದ್ದಾನೆ ಎಂಬುದು ಮನಸ್ಸಿಗೆ ಇಳಿಯುವುದೇ ಇಲ್ಲ. ಒಂದು ಗಂಟೆಯಾದರೂ ಬಿಟ್ಟು ಮೊದಲನೇ ಪೇತ್ರ 3:18-20 ಮತ್ತು 4:6 ತೆಗೆಯಿರಿ. ಸೆರೆಯಲ್ಲಿದ್ದ ಆತ್ಮಗಳಿಗೆ ಕ್ರಿಸ್ತ ಸಾರಿದನೆಂಬ ಆ ವಾಕ್ಯ ಕಠಿಣವಾದದ್ದು. ಧರ್ಮಸಭೆಯ ಮಹಾಗುರುಗಳಲ್ಲೊಬ್ಬರಾದ ಅಗುಸ್ಟೀನರೇ ತಮ್ಮ ಗೆಳೆಯ ಬಿಷಪ್ ಇವೊದಿಯಸ್‌ಗೆ ಬರೆದ 164ನೇ ಪತ್ರದಲ್ಲಿ ಅದರೊಂದಿಗೆ ಗುದ್ದಾಡಿ, ಅದು ಪಾತಾಳದ ಮಾತೇ ಅಲ್ಲ, ನೋಹನ ಕಾಲದವರಿಗೆ ಸಂಬಂಧಿಸಿದ್ದಿರಬಹುದು ಎಂಬ ಕಡೆ ವಾಲುತ್ತಾರೆ. ಅರ್ಥವಾಗಲಿಲ್ಲವೆಂದು ಅಲ್ಲೇ ನಿಲ್ಲಬೇಡಿ.

ಮಧ್ಯಾಹ್ನದ ಮೊದಲು ಮಧ್ಯಯುಗದ ದೈವಶಾಸ್ತ್ರಜ್ಞ ಥಾಮಸ್ ಅಕ್ವಿನಾಸರ ಮಹಾಕೃತಿ ಸುಮ್ಮಾ, ಮೂರನೇ ಭಾಗ, ಕ್ರಿಸ್ತ ಪಾತಾಳಕ್ಕಿಳಿದದ್ದರ ಕುರಿತ 52ನೇ ಪ್ರಶ್ನೆ. ಎಂಟು ಉಪಪ್ರಶ್ನೆಗಳಿವೆ, ಎಂಟನ್ನೂ ಓದಬೇಕಿಲ್ಲ. ಪ್ರತಿಯೊಂದರ ಮೊದಲಿಗೂ ಎದುರು ಪಕ್ಷದ ಆಕ್ಷೇಪಗಳಿರುತ್ತವೆ; ಹೊಸಬರು ಅವುಗಳಿಂದ ಶುರುಮಾಡಿ ಅವನ್ನೇ ಲೇಖಕರ ಅಭಿಪ್ರಾಯವೆಂದುಕೊಂಡು ದಾರಿ ತಪ್ಪುತ್ತಾರೆ. ಮೊದಲು 'ನನ್ನ ಉತ್ತರ' ಎಂದು ಬರುವ ಭಾಗ ಓದಿ, ಆಮೇಲೆ ಆಕ್ಷೇಪ, ಕೊನೆಗೆ ಒಂದೊಂದಕ್ಕೂ ಕೊಟ್ಟ ಸಮಾಧಾನ. ಮೂರನೇ ಉಪಪ್ರಶ್ನೆಯ ಮೇಲೆ ಹೆಚ್ಚು ಹೊತ್ತು ಕೂರಿ: ಇಡೀ ಕ್ರಿಸ್ತ ಪಾತಾಳದಲ್ಲಿದ್ದನೇ? ದೇಹ ಸಮಾಧಿಯಲ್ಲಿ, ಆತ್ಮ ಪಾತಾಳದಲ್ಲಿ. ಸಾವು ಇವೆರಡನ್ನು ಒಂದರಿಂದೊಂದು ಬೇರ್ಪಡಿಸಿತು. ಆದರೆ ದೇವಪುತ್ರನಿಂದ ದೇಹವನ್ನೂ ಬೇರ್ಪಡಿಸಲಿಲ್ಲ, ಆತ್ಮವನ್ನೂ ಬೇರ್ಪಡಿಸಲಿಲ್ಲ. ಹಾಗಾಗಿ ಸಮಾಧಿಯಲ್ಲಿ ಮಲಗಿದ್ದವನೂ ದೇವಪುತ್ರನೇ, ಪಾತಾಳದಲ್ಲಿದ್ದವನೂ ಅವನೇ. ನರಾವತಾರದ ಬಗ್ಗೆ ಆಗಮನ ಕಾಲದಲ್ಲಿ ಓದಿದ್ದು ಪೂರ್ತಿ ಭಾರದೊಡನೆ ಮನಸ್ಸಿಗೆ ತಟ್ಟುವುದು ಇಲ್ಲಿ. ಇದೇ ತರ್ಕವನ್ನು ಜುಲೈಯಲ್ಲಿ ಓದಿದರೆ ಬರೀ ಚಾತುರ್ಯದಂತೆ ಕಾಣುತ್ತದೆ.

ಪಕ್ಕದಲ್ಲೇ 16ನೇ ಶತಮಾನದ ಪ್ರೊಟೆಸ್ಟೆಂಟ್ ಸುಧಾರಕ ಕ್ಯಾಲ್ವಿನ್ನರನ್ನೂ ಇಟ್ಟುಕೊಳ್ಳಿ: ಇನ್‌ಸ್ಟಿಟ್ಯೂಟ್ಸ್, ಎರಡನೇ ಪುಸ್ತಕ, 16ನೇ ಅಧ್ಯಾಯದ 8ರಿಂದ 12ರವರೆಗಿನ ವಿಭಾಗಗಳು. ಪಾತಾಳಕ್ಕಿಳಿದದ್ದೆಂದರೆ ದೇವರ ನ್ಯಾಯತೀರ್ಪನ್ನು ಕ್ರಿಸ್ತ ತನ್ನ ಆತ್ಮದಲ್ಲಿ ಅನುಭವಿಸಿದ ಯಾತನೆ ಎಂಬುದು ಅವರ ವಾದ. ಅಲ್ಲಿಗೆ ಆ ಮಾತಿನ ಭಾರವೆಲ್ಲ ಶುಕ್ರವಾರದ ಶಿಲುಬೆಗೇ ಸೇರುತ್ತದೆ. ನನಗೆ ಅದು ಒಪ್ಪಿಗೆಯಾಗದು, ಶನಿವಾರಕ್ಕೆ ತನ್ನದೇ ಆದ ಕೆಲಸ ಉಳಿಯುವುದಿಲ್ಲ. ಆದರೂ ಪಾತಾಳವನ್ನು ಬರೀ ವಿಜಯಯಾತ್ರೆ ಮಾಡಿಕೊಂಡವರಿಗೆ ಆ ಪುಟಗಳು ಅಗತ್ಯ.

ಮಧ್ಯಾಹ್ನ ಓದು ಕಡಿಮೆ, ನೋಟ ಹೆಚ್ಚು. ಪೂರ್ವದ ಧರ್ಮಸಭೆಗಳ ಪುನರುತ್ಥಾನದ ಐಕಾನ್ (ಪವಿತ್ರ ಚಿತ್ರ) ಎದುರಿಗಿಡಿ. ಅದರಲ್ಲಿ ಕ್ರಿಸ್ತ ಸಮಾಧಿಯಿಂದ ಹೊರಬರುವುದನ್ನು ಬಿಡಿಸುವುದಿಲ್ಲ. ಕಿತ್ತುಬಿದ್ದ ಪಾತಾಳದ ಕದಗಳು ಅವನ ಕಾಲಡಿ ಅಡ್ಡಡ್ಡ ಬಿದ್ದಿವೆ, ಕೆಳಗಿನ ಕಪ್ಪಿನಲ್ಲಿ ಬೀಗ, ಕೀಲಿ, ಮೊಳೆಗಳು ಚೆಲ್ಲಿವೆ. ಆದಾಮನ ಕೈಯನ್ನು ಗಮನಿಸಿ. ಹಲವು ಐಕಾನ್‌ಗಳಲ್ಲಿ ಕ್ರಿಸ್ತ ಹಿಡಿದಿರುವುದು ಅಂಗೈಯನ್ನಲ್ಲ, ಮಣಿಕಟ್ಟನ್ನು. ಹಿಡಿದುಕೊಳ್ಳುವ ಶಕ್ತಿಯೂ ಆದಾಮನಿಗಿಲ್ಲ. ಕೃಪೆಯ ಕುರಿತ ಎಷ್ಟೋ ಪುಟಗಳ ವಾದ ಆ ಮಣಿಕಟ್ಟಿನಲ್ಲಿದೆ.

ಸಂಜೆ ಟಿಪ್ಪಣಿ ಬರೆಯುವುದಾದರೆ ಅರ್ಧ ಪುಟ ಮೀರದಿರಲಿ, ರಾತ್ರಿಯ ಪಾಸ್ಕ ಜಾಗರಣೆಗೆ ದಣಿದು ಹೋಗಬಾರದು. ರಾತ್ರಿಯ ವಿಧಿಯಲ್ಲಿ ಹಳೆಯ ಒಡಂಬಡಿಕೆಯಿಂದ ಏಳು ವಾಚನಗಳಿವೆ. ಮೂರಕ್ಕೆ ಇಳಿಸಲು ಅನುಮತಿಯಿದ್ದರೂ ವಿಮೋಚನಕಾಂಡ 14ನ್ನು ಬಿಡುವಂತಿಲ್ಲ. ನಿಮ್ಮಲ್ಲಿ ಮೂರೇ ಓದುತ್ತಾರೆಂದು ಗೊತ್ತಿದ್ದರೆ ಉಳಿದ ನಾಲ್ಕನ್ನು ಹೊರಡುವ ಮುನ್ನವೇ ಓದಿಕೊಳ್ಳಿ. ಯೆಶಾಯ 54 ಮತ್ತು 55 ಒಂದರ ಬೆನ್ನಿಗೊಂದು ಬರುವುದರಿಂದ ಎರಡನ್ನೂ ಸೇರಿಸಿ ಓದುವುದು ಲೇಸು. ಏಳೂ ಮುಗಿದ ಮೇಲೆ ಬರುವ ರೋಮನರಿಗೆ ಬರೆದ ಪತ್ರದ 6ನೇ ಅಧ್ಯಾಯಕ್ಕೆ ಬೆಳಿಗ್ಗೆಯಿಂದ ಓದಿದ್ದೆಲ್ಲ ಬಂದು ಕೂಡುತ್ತದೆ: ದೀಕ್ಷಾಸ್ನಾನ ಪಡೆದವರು ಆತನೊಡನೆ ಹೂಳಲ್ಪಟ್ಟವರು ಎಂದು ಪೌಲ ಬರೆಯುವುದು ಅಲ್ಲಿಯೇ.