ಕೆಮ್ಮಣ್ಣು ಬಣ್ಣದ ಉಗುರಿಗೆ ಬಿಳಿ ಎಳೆ

ಚಿಕ್ಕವರಿದ್ದಾಗ ಅಜ್ಜಿ ಊರಲ್ಲಿ ಸಂಜೆ ಹೊತ್ತು ಗದ್ದೆ ಕಡೆಯಿಂದ ಬೆಳ್ಳಕ್ಕಿ ಸಾಲು ಹಾರ್ಕೊಂಡು ಹೋಗ್ತಿದ್ರೆ ನಾವೆಲ್ಲ ಎರಡೂ ಕೈ ಮೇಲೆತ್ತಿ ಉಗುರು ತೋರಿಸ್ಕೊಂಡು ಕೂಗ್ತಾ ಓಡ್ತಿದ್ವಿ. ಬೆಳ್ಳಕ್ಕಿ ನೋಡಿದ್ರೆ ಉಗುರ ಮೇಲೆ ಬಿಳಿ ಚುಕ್ಕಿ ಬೀಳತ್ತೆ, ಎಷ್ಟು ಚುಕ್ಕಿಯೋ ಅಷ್ಟು ಹೊಸ ಬಟ್ಟೆ ಅಂತ ನಂಬಿಕೆ. ರಾತ್ರಿ ಊಟಕ್ಕೆ ಕೂತಾಗ ಒಬ್ಬರ ಕೈ ಒಬ್ಬರು ಹಿಡ್ಕೊಂಡು ಎಣಿಸೋದು, ನಂದು ಮೂರು ನಿಂದು ಎರಡು ಅಂತ. ಉಗುರು ಹುಟ್ಟೋ ಬುಡಕ್ಕೆ ಸಣ್ಣ ಪೆಟ್ಟು ಬಿದ್ರೂ ಆ ಚುಕ್ಕಿ ಬರತ್ತೆ ಅಂತ ಆಮೇಲೆ ಗೊತ್ತಾಯ್ತು, ಆದ್ರೂ ಉಗುರು ಅನ್ನೋದು ತಿರುಗಿಸಿ ತಿರುಗಿಸಿ ನೋಡ್ಕೊಂಡು ಖುಷಿ ಪಡೋ ಜಾಗ ಅಂತ ನನ್ನ ತಲೇಲಿ ಕೂತಿದ್ದು ಅಲ್ಲಿಂದಾನೆ.

ಅಜ್ಜಿ ಮನೇಲಿ ನೇಲ್ ಪಾಲಿಶ್ ಇರ್ಲಿಲ್ಲ, ಗೋರಂಟಿ ಗಿಡ ಇತ್ತು. ಹಬ್ಬದ ಹಿಂದಿನ ದಿನ ಸೊಪ್ಪು ಕಿತ್ಕೊಂಡು ಬಂದು ಒರಳಲ್ಲಿ ಹುಣಸೆಹಣ್ಣು, ಒಂಚೂರು ಅಡಿಕೆ ಹಾಕಿ ನುಣ್ಣಗೆ ರುಬ್ಬಿ, ಅಂಗೈಗೆ ಒಂದು ದೊಡ್ಡ ಬೊಟ್ಟು, ಬೆರಳ ತುದಿಗೆಲ್ಲ ಟೋಪಿ ಥರ ಮೆತ್ತಿ, ಮೇಲೆ ಎಲೆ ಸುತ್ತಿ ಮಲಗಿಸಿಬಿಡೋರು. ಗೋರಂಟೀಲಿ ಲಾಸೋನ್ ಅನ್ನೋ ಬಣ್ಣದ ಅಂಶ ಇರತ್ತೆ, ಅದು ಚರ್ಮ ಮತ್ತೆ ಉಗುರಲ್ಲಿರೋ ಕೆರಾಟಿನ್ ಅನ್ನೋ ಪ್ರೋಟೀನ್‌ಗೆ ಅಂಟ್ಕೊಳ್ಳತ್ತೆ, ಚರ್ಮ ಉದುರಿ ಹೊಸದು ಬರೋದ್ರಿಂದ ಅಂಗೈ ಬಣ್ಣ ಎರಡು ವಾರದಲ್ಲಿ ಹೋಗತ್ತೆ, ಉಗುರಿನದ್ದು ಮಾತ್ರ ಹೋಗಲ್ಲ, ಉಗುರು ಬೆಳೆದು ಕತ್ತರಿಸೋ ತನಕ ಇರತ್ತೆ. ಗೌರಿ ಹಬ್ಬಕ್ಕೆ ಹಚ್ಚಿದ್ದು ದೀಪಾವಳಿ ಹೊತ್ತಿಗೂ ಉಗುರಿನ ಅರ್ಧಕ್ಕೆ ಕೇಸರಿ ಬಣ್ಣ ಉಳ್ಕೊಂಡು, ಬುಡದಲ್ಲಿ ಹೊಸ ಉಗುರು ಬೆಳ್ಳಗೆ ಚಂದ್ರನ ಥರ ಮೇಲೆ ಬರ್ತಾ ಇರೋದು. ಈಗ ದುಡ್ಡು ಕೊಟ್ಟು ಮಾಡಿಸ್ಕೊಳ್ಳೋ ಅರ್ಧಚಂದ್ರ ಡಿಸೈನ್ ನೋಡಿದಾಗೆಲ್ಲ ನಂಗೆ ಅದೇ ನೆನಪಾಗತ್ತೆ.

ನಾನು ಮನೇಲೇ ನೇಲ್ ಆರ್ಟ್ ಶುರು ಮಾಡಿದ್ದು 2020ರ ಲಾಕ್‌ಡೌನ್ ಟೈಮಲ್ಲಿ, ಆಗ ಬರೀ ಟೈಮ್‌ಪಾಸ್. ಸೀರಿಯಸ್ಸಾಗಿ ಹಿಡ್ಕೊಂಡಿದ್ದು ಒಂದು ಪಾರ್ಲರ್ ಅನುಭವ ಆದ್ಮೇಲೆ. ಕಸಿನ್ ಮದುವೆಗೆ ಅಂತ ಜೆಲ್ ಪಾಲಿಶ್, ಅಂದ್ರೆ ಲ್ಯಾಂಪ್ ಬೆಳಕಿಗೆ ಹಿಡಿದು ಗಟ್ಟಿ ಮಾಡೋದು, ಹಾಕಿಸ್ಕೊಂಡಿದ್ದೆ, ಮೂರು ವಾರ ಬಿಟ್ಟು ತೆಗೆಸೋಕೆ ಹೋದ್ರೆ ಆ ಹುಡುಗಿಗೆ ಟೈಮ್ ಇರ್ಲಿಲ್ವೋ ಏನೋ, ಅಸಿಟೋನ್ ಅನ್ನೋ ದ್ರಾವಕದಲ್ಲಿ ಸರಿಯಾಗಿ ನೆನೆಸದೆ ಕಡ್ಡೀಲಿ ಕೆರೆದು ಕೆರೆದು ಎಬ್ಬಿಸಿಬಿಟ್ಲು, ಜೆಲ್ ಜೊತೆ ಉಗುರಿನ ಮೇಲ್ಪದರಾನೂ ಸಿಪ್ಪೆ ಥರ ಎದ್ದು ಬಂತು. ಮನೆಗೆ ಬಂದು ಬಿಸಿನೀರಿಗೆ ಕೈ ಇಟ್ರೆ ಉರಿ, ಬೆಳ್ಳುಳ್ಳಿ ಸುಲಿಯೋಕೂ ಆಗ್ತಿರ್ಲಿಲ್ಲ. ಕೈ ಉಗುರು ತಿಂಗಳಿಗೆ ಬೆಳೆಯೋದು ಹೆಚ್ಚುಕಮ್ಮಿ 3 ಮಿಲಿಮೀಟರ್ ಅಷ್ಟೆ, ಬುಡದಿಂದ ತುದಿ ತನಕ ಹೊಸದಾಗಿ ಬರ್ಬೇಕಾದ್ರೆ ಆರು ತಿಂಗಳ ಹತ್ರ ಹತ್ರ ಬೇಕು. ಆ ಆರು ತಿಂಗಳೂ ನಾನು ಕಾದಿದೀನಿ, ದಿನಾ ರಾತ್ರಿ ಕೊಬ್ಬರಿ ಎಣ್ಣೆ ಹಚ್ಕೊಂಡು.

ಹಾಗಾಗಿ ಒಂದು ವಿಷ್ಯ ಮೊದ್ಲೇ ಹೇಳ್ಬಿಡ್ತೀನಿ, ಆನ್‌ಲೈನಲ್ಲಿ ಸಿಗೋ ಲ್ಯಾಂಪ್ ಸಮೇತ ಜೆಲ್ ಕಿಟ್ ತಗೊಂಡು ಮನೇಲಿ ಟ್ರೈ ಮಾಡೋದು ನಂಗೆ ಇಷ್ಟ ಇಲ್ಲ, ಕೇಳಿದವರಿಗೆಲ್ಲ ಬೇಡ ಅಂತಾನೇ ಹೇಳ್ತೀನಿ. ಜೆಲ್ ಗಟ್ಟಿಯಾಗೋ ಮುಂಚೆ ಚರ್ಮಕ್ಕೆ ತಾಗ್ತಾ ತಾಗ್ತಾ ಅದರಲ್ಲಿರೋ ಅಕ್ರಿಲೇಟ್‌ಗಳಿಗೆ ಅಲರ್ಜಿ ಶುರುವಾಗ್ಬಹುದು, ಒಂದ್ಸಲ ಶುರುವಾದ್ರೆ ಸಾಮಾನ್ಯವಾಗಿ ಜೀವನಪೂರ್ತಿ ಇರತ್ತೆ, ಹಲ್ಲಿನ ಫಿಲ್ಲಿಂಗ್ ಮಾಡೋ ಸಾಮಾನಲ್ಲೂ ಅದೇ ಜಾತಿಯ ಕೆಮಿಕಲ್ ಇರೋದ್ರಿಂದ ಅಲ್ಲೂ ತೊಂದ್ರೆ ಕೊಡ್ಬಹುದು. ಜೆಲ್ ಗಟ್ಟಿ ಮಾಡೋಕೆ ಹಾಕ್ತಿದ್ದ ಟಿಪಿಓ ಅನ್ನೋ ಪದಾರ್ಥಾನ ಯುರೋಪಿಯನ್ ಯೂನಿಯನ್ ದೇಶಗಳಲ್ಲಿ 2025ರ ಸೆಪ್ಟೆಂಬರ್ 1ರಿಂದ ಕಾಸ್ಮೆಟಿಕ್ಸಲ್ಲಿ ಬ್ಯಾನ್ ಮಾಡಿದಾರೆ. ಮಾಮೂಲಿ ನೇಲ್ ಪಾಲಿಶಲ್ಲಿ ಈ ಲ್ಯಾಂಪ್ ಕಥೆಯೇ ಇಲ್ಲ, ಗಾಳಿಗೆ ಒಣಗತ್ತೆ, ಬೇಡ ಅಂದ್ರೆ ರಿಮೂವರ್ ಹತ್ತೀಲಿ ಒರೆಸಿದ್ರೆ ಹೋಯ್ತು.

ಸಾಮಾನು ಏನೇನು ಬೇಕು ಅಂತ ಎಲ್ಲರೂ ಕೇಳ್ತಾರೆ. ಹದಿನೈದು ಬ್ರಶ್ ಇರೋ ಸೆಟ್ ಬೇಡವೇ ಬೇಡ. ನನ್ನ ಡಬ್ಬೀಲಿರೋದು ಅಂದ್ರೆ ಬಣ್ಣದ ಕೆಳಗೆ ಬಳಿಯೋ ಬೇಸ್ ಕೋಟ್, ಎಲ್ಲದರ ಮೇಲೆ ಬಳಿಯೋ ಟಾಪ್ ಕೋಟ್, ನಾಲ್ಕೈದು ಬಣ್ಣ, ಗುಂಡುಸೂಜಿ, ಹಳೇ ಹೇರ್‌ಪಿನ್, ಇಂಕ್ ಖಾಲಿಯಾದ ರೀಫಿಲ್, ಮತ್ತೆ ಉರಿದು ಮುಗಿದ ಊದುಬತ್ತಿ ಕಡ್ಡಿಗಳು. ಊದುಬತ್ತಿ ಕಡ್ಡೀದು ನಾನೇ ಕಂಡ್ಕೊಂಡಿದ್ದು, ಕೆಳಗಿನ ತುದಿ ಸಮ ಇರತ್ತೆ, ಅದನ್ನ ಬಣ್ಣಕ್ಕೆ ಅದ್ದಿ ನೆಟ್ಟಗೆ ಇಟ್ಟು ನೆಟ್ಟಗೆ ಎತ್ತಿದ್ರೆ ಸಾಸಿವೆ ಗಾತ್ರದ ದುಂಡು ಚುಕ್ಕಿ ಬೀಳತ್ತೆ. ಗುಂಡುಸೂಜಿ ತಲೆ ಅದಕ್ಕಿಂತ ಸ್ವಲ್ಪ ದೊಡ್ಡದು, ರೀಫಿಲ್ ತುದಿ ತುಂಬಾ ಸಣ್ಣದು. ಒಂದ್ಸಲ ಅದ್ದಿ ಸಾಲಾಗಿ ಐದು ಚುಕ್ಕಿ ಇಟ್ರೆ ಬಣ್ಣ ಖಾಲಿಯಾಗ್ತಾ ಬಂದ ಹಾಗೆ ಒಂದಕ್ಕಿಂತ ಒಂದು ಚಿಕ್ಕದಾಗ್ತಾ ಹೋಗತ್ತೆ, ಜಡೆ ಕುಚ್ಚಿನ ಥರ, ಅದೇ ಒಂದು ಡಿಸೈನ್ ಆಗೋಯ್ತು. ನೀರಲ್ಲಿ ಬಣ್ಣ ತೇಲಿಸಿ ಉಗುರು ಅದ್ದೋ ಮಾರ್ಬಲ್ ಡಿಸೈನೂ ಮಾಡಿ ನೋಡಿದೀನಿ, ಚಂದ ಬರತ್ತೆ, ಆದ್ರೆ ಹತ್ತು ಉಗುರಿಗೆ ಅರ್ಧ ಬಾಟಲಿ ಬಣ್ಣ ನೀರಿಗೆ ಹೋಗತ್ತೆ, ನಂಗೆ ಹೊಟ್ಟೆ ಉರಿಯತ್ತೆ.

ಈಗ ನಂಗೆ ಎಲ್ಲಕ್ಕಿಂತ ಇಷ್ಟವಾಗಿರೋದಕ್ಕೆ ಬರ್ತೀನಿ. ಅಜ್ಜಿ ಮನೆ ಅಂಗಳದಲ್ಲಿ ಕೆಮ್ಮಣ್ಣು ಸಾರಿಸಿ ಅದರ ಮೇಲೆ ಬಿಳಿ ರಂಗೋಲಿ ಬಿಡ್ತಿದ್ರಲ್ಲ, ಆ ಎರಡೇ ಬಣ್ಣ ನಂಗೆ ಉಗುರ ಮೇಲೆ ಬೇಕಿತ್ತು. ಕೆಮ್ಮಣ್ಣು ಬಣ್ಣ ಹುಡುಕೋಕೆ ಮೈಸೂರಲ್ಲಿ ದೇವರಾಜ ಮಾರ್ಕೆಟ್ ಸುತ್ತಮುತ್ತ ಫ್ಯಾನ್ಸಿ ಸ್ಟೋರ್‌ಗಳನ್ನೆಲ್ಲ ಸುತ್ತಿದೀನಿ, ಮರೂನ್ ಸಿಗತ್ತೆ, ಕೇಸರಿ ಸಿಗತ್ತೆ, ಇಟ್ಟಿಗೆ ಬಣ್ಣ ಹೊಳಪಿಲ್ಲದ್ದು ಬೇಕು ಅಂದ್ರೆ ಅಂಗಡಿಯವರು ಮುಖ ನೋಡ್ತಾರೆ, ಕೊನೆಗೆ ಒಂದು ಬಳೆ ಅಂಗಡೀಲಿ ಮೂಲೇಲಿ ಧೂಳು ಹಿಡ್ದಿದ್ದ ಒಂದೇ ಒಂದು ಬಾಟಲಿ ಸಿಕ್ತು.

ಮೊದ್ಲು ಹಳೇ ಬಣ್ಣ ತೆಗೆದು, ಎಣ್ಣೆ ಪಸೆ ಇಲ್ಲದ ಹಾಗೆ ಇನ್ನೊಂದ್ಸಲ ರಿಮೂವರ್ ಹತ್ತೀಲಿ ಒರೆಸ್ಕೋಬೇಕು, ಕೈ ಜಿಡ್ಡಾಗಿದ್ರೆ ಬಣ್ಣ ಎರಡೇ ದಿನಕ್ಕೆ ಎದ್ದು ಬರತ್ತೆ. ಬುಡದ ಚರ್ಮಾನ ಕತ್ತರಿಸೋಕೆ ಹೋಗ್ಬೇಡಿ ದಯವಿಟ್ಟು, ಸ್ನಾನ ಆದ್ಮೇಲೆ ಮೆತ್ತಗಿದ್ದಾಗ ಬಟ್ಟೇಲಿ ಹಿಂದಕ್ಕೆ ತಳ್ಳಿದ್ರೆ ಸಾಕು, ಕತ್ತರಿಸಿ ಕೀವು ತುಂಬಿ ಉಗುರುಸುತ್ತು ಆದ್ರೆ ನಿಂಬೆಹಣ್ಣು ಚುಚ್ಕೊಂಡು ಓಡಾಡೋ ಪಾಡು ಬೇಡ. ಆಮೇಲೆ ಬೇಸ್ ಕೋಟ್, ಇದನ್ನ ಬಿಟ್ರೆ ಕೆಂಪು ಬಣ್ಣ ಉಗುರಿಗೆ ಇಳಿದು ಹಳದಿ ಕಲೆ ಉಳಿಯತ್ತೆ. ಆಮೇಲೆ ಬಣ್ಣ ಎರಡು ಕೋಟ್, ಎರಡೂ ತೆಳ್ಳಗೆ, ನಡುವೆ ಐದು ನಿಮಿಷ ಗ್ಯಾಪ್. ದಪ್ಪಕ್ಕೆ ಒಂದೇ ಸಲ ಬಳಿದ್ರೆ ಯಾಕೆ ಕೆಡತ್ತೆ ಅಂದ್ರೆ, ಪಾಲಿಶಲ್ಲಿ ನೈಟ್ರೋಸೆಲ್ಯುಲೋಸ್ ಅನ್ನೋದು ಈಥೈಲ್ ಅಸಿಟೇಟ್, ಬ್ಯೂಟೈಲ್ ಅಸಿಟೇಟ್ ಥರದ ದ್ರಾವಕದಲ್ಲಿ ಕರಗಿರತ್ತೆ, ಆ ದ್ರಾವಕ ಹಾರಿ ಹೋದ್ಮೇಲೆ ಉಳಿಯೋ ಪೊರೆಯೇ ನಮಗೆ ಕಾಣೋ ಬಣ್ಣ, ದಪ್ಪ ಬಳಿದಾಗ ಮೇಲ್ಗಡೆ ಬೇಗ ಕೆನೆ ಕಟ್ಟಿದ ಹಾಗಾಗಿ ಒಳಗಿನ ದ್ರಾವಕಕ್ಕೆ ಹೊರಗೆ ಬರೋಕೆ ದಾರಿ ಇರಲ್ಲ. ಹಾಲು ಕೆನೆ ಕಟ್ಟಿದ್ರೂ ಕೆಳಗೆ ಹಾಲು ಹಾಲಾಗೇ ಇರತ್ತಲ್ಲ, ಹಂಗೆ. ರಾತ್ರಿ ಹಚ್ಕೊಂಡು ತಕ್ಷಣ ಮಲಗಿದ್ರೆ ಬೆಳಗ್ಗೆ ಉಗುರ ಮೇಲೆ ಬೆಡ್‌ಶೀಟಿನ ನೂಲಿನ ಗುರುತು ಬಿದ್ದಿರೋದು ಅದಕ್ಕೇ. ಫ್ಯಾನ್ ಐದರಲ್ಲಿ ಇಟ್ಕೊಂಡು ಬಳಿಯೋದೂ ಬೇಡ, ಬ್ರಶಲ್ಲೇ ಬಣ್ಣ ಎಳೆ ಎಳೆಯಾಗ್ಬಿಡತ್ತೆ. ಇನ್ನೊಂದು, ಈ ದ್ರಾವಕಗಳು ತುಂಬಾ ಬೇಗ ಬೆಂಕಿ ಹತ್ಕೊಳ್ಳೋವು, ಒಲೆ ಪಕ್ಕ, ದೇವರ ದೀಪದ ಪಕ್ಕ ಕೂತು ಹಚ್ಕೋಬೇಡಿ.

ಬಿಳಿ ಎಳೆಗೆ ನಾನು ನೇಲ್ ಪಾಲಿಶ್ ಬಳಸಲ್ಲ. ಸ್ಟೇಷನರಿ ಅಂಗಡೀಲಿ ಸಿಗೋ ಬಿಳಿ ಅಕ್ರಿಲಿಕ್ ಪೇಂಟ್, ಸೊನ್ನೆ ನಂಬರ್ ಬ್ರಶ್. ಪೇಂಟು ನೀರಲ್ಲಿ ಕಲಸೋದು, ಹಾಗಾಗಿ ತಪ್ಪಾದ್ರೆ ಒದ್ದೆ ಟೂತ್‌ಪಿಕ್ಕಲ್ಲಿ ಆ ಎಳೆ ಒಂದನ್ನೇ ಒರೆಸಿ ಮತ್ತೆ ಬಿಡ್ಬಹುದು, ಕೆಳಗಿನ ಕೆಮ್ಮಣ್ಣು ಅಲ್ಲಾಡಲ್ಲ, ಪಾಲಿಶಲ್ಲಿ ತಪ್ಪಿದ್ರೆ ಇಡೀ ಉಗುರು ಹೋಯ್ತು. ಮಜ್ಜಿಗೆ ಹದಕ್ಕೆ ನೀರು ಹಾಕ್ಕೋಬೇಕು, ಗಟ್ಟಿ ಇದ್ರೆ ಎಳೆ ನಡುವೆ ಕಿತ್ಕೊಳ್ಳತ್ತೆ, ತೆಳ್ಳಗಾದ್ರೆ ಹರಡತ್ತೆ. ಹೆಬ್ಬೆರಳಿಗೆ 1-3-1 ನೇರ ಚುಕ್ಕಿ ಹಿಡಿಯತ್ತೆ, ಬೇರೆ ಬೆರಳಿಗೆ ಸಂದು ಚುಕ್ಕಿ 1-2-1 ಸಾಕು, ಕಿರುಬೆರಳಿಗೆ ಉದ್ದಕ್ಕೆ ಮೂರು ಚುಕ್ಕಿ ಇಟ್ಟು ಹಾವಿನ ಥರ ಸುತ್ತಿ ಬಂದ್ರೆ ಆಯ್ತು. ಹೊಸ್ತಿಲ ಮುಂದೆ ರಂಗೋಲಿ ಬಿಟ್ಟು ಅಭ್ಯಾಸ ಇರೋರಿಗೆ ಇದು ಹೊಸದೇನಲ್ಲ, ಗಾತ್ರ ಸಣ್ಣದು ಅಷ್ಟೆ. ಇಪ್ಪತ್ತು ನಿಮಿಷ ಒಣಗಿಸಿ ಟಾಪ್ ಕೋಟ್ ಹಾಕೋವಾಗ ಬ್ರಶ್ಶಿನ ಕೂದಲು ಡಿಸೈನಿಗೆ ತಾಗ್ಬಾರ್ದು, ಒಂದು ದೊಡ್ಡ ಹನಿ ಇಟ್ಟು ಆ ಹನೀನೇ ಮುಂದಕ್ಕೆ ತಳ್ಕೊಂಡು ಹೋಗ್ಬೇಕು, ಕೊನೆಗೆ ಉಗುರಿನ ತುದಿ ಅಂಚಿಗೂ ಒಂದು ಎಳೆ ಸವರ್ಬೇಕು.

ಎಡಗೈ ನಾನು ಚೆನ್ನಾಗೇ ಮಾಡ್ಕೊಳ್ತೀನಿ. ಬಲಗೈ ಮಾಡ್ಬೇಕಾದ್ರೆ ಎಡಗೈಲಿ ಬ್ರಶ್ ಹಿಡೀಬೇಕಲ್ಲ, ಎರಡೂ ಮೊಣಕೈ ಟೇಬಲ್ ಮೇಲೆ ಊರಿ, ಬ್ರಶ್ ಅಲ್ಲಾಡಿಸದೆ ಬೆರಳನ್ನೇ ತಿರುಗಿಸ್ತಾ ಹೋದ್ರೆ ಚುಕ್ಕಿ ತನಕ ಬರತ್ತೆ, ಎಳೆ ಮಾತ್ರ ಬರಲ್ಲ. ಹೋದ ಗೌರಿ ಹಬ್ಬದ ಹಿಂದಿನ ರಾತ್ರಿ ಹಂಗೇ ಒದ್ದಾಡ್ತಾ ಕೂತಿದ್ದೆ, ಅಮ್ಮ ಅಡುಗೆಮನೆ ಕೆಲಸ ಮುಗಿಸಿ ಸೆರಗಲ್ಲಿ ಕೈ ಒರೆಸ್ಕೊಂಡು ಬಂದು ಪಕ್ಕ ನಿಂತ್ರು. ಸ್ವಲ್ಪ ಹೊತ್ತು ನೋಡಿ, "ಎಳೆ ಕೂಡಿಲ್ಲ ಕಣೆ ಪುಟ್ಟಿ, ಇಲ್ನೋಡು ಬಿಟ್ಟೋಗಿದೆ" ಅಂದ್ರು.

"ಎಡಗೈಲಿ ಬರಲ್ಲಮ್ಮ."

"ಕೊಡಿಲ್ಲಿ."

ಅಮ್ಮ ಜೀವನದಲ್ಲಿ ನೇಲ್ ಪಾಲಿಶ್ ಹಚ್ಕೊಂಡವರಲ್ಲ. ಬ್ರಶ್ ಹಿಡಿಯೋಕೆ ಗೊತ್ತಾಗ್ದೆ ಟೂತ್‌ಪಿಕ್ ತಗೊಂಡ್ರು, ಕನ್ನಡಕ ಮೂಗಿನ ತುದಿಗೆ ಇಳಿಸಿ, ನನ್ನ ಹೆಬ್ಬೆರಳನ್ನ ತಮ್ಮ ಎಡಗೈಲಿ ಗಟ್ಟಿಯಾಗಿ ಹಿಡ್ಕೊಂಡು, ಉಸಿರು ಬಿಗಿಹಿಡಿದು ಐದು ಚುಕ್ಕಿ ಸುತ್ತ ಎಳೆ ಬಿಟ್ರು. ಎಲ್ಲೂ ನಿಲ್ಲಿಸ್ಲಿಲ್ಲ. ತಿರುವು ಬಂದಾಗ ಕಡ್ಡಿ ಎತ್ತದೆ ನನ್ನ ಬೆರಳನ್ನ ತಿರುಗಿಸಿದ್ರು. ನಲವತ್ತು ವರ್ಷದಿಂದ ದಿನಾ ಬೆಳಗ್ಗೆ ಹಿಟ್ಟು ಬಿಟ್ಟಿರೋ ಕೈ ಅದು, ಒಂದು ಸೆಂಟಿಮೀಟರ್ ಅಗಲದ ಜಾಗದಲ್ಲೂ ಎಳೆ ದಪ್ಪ ಒಂದೇ ಸಮ ಇತ್ತು. ಟ್ಯೂಬ್‌ಲೈಟ್ ಕೆಳಗೆ ಬೆರಳು ಹಿಡಿದು ನೋಡ್ತಾ ಇದ್ರೆ ನಂಗೆ ಕಣ್ಣಲ್ಲಿ ನೀರು ಬಂತು.

ಐದೂ ಬೆರಳು ಅವರೇ ಮುಗಿಸಿದ್ರು, ಆಮೇಲೆ ನಾನು ಬಲವಂತ ಮಾಡಿ ಅವರ ಕೈ ತಗೊಂಡೆ. ಪಾತ್ರೆ ಸೋಪಿಗೆ ತುದಿ ಪದರ ಬಿಟ್ಟಿತ್ತು, ತೋರುಬೆರಳಿನ ಉಗುರಲ್ಲಿ ಅರಿಶಿನದ ಹಳದಿ ಹೋಗೋದೇ ಇಲ್ಲ. ಸಾರು ಕಲಸಿ ತಿನ್ನೋ ಕೈಗೆ ಬಿಳಿ, ತಿಳಿ ಬಣ್ಣ ಬೇಡ, ಎರಡೇ ಊಟಕ್ಕೆ ಹಳದಿ ಆಗತ್ತೆ, ಗ್ಲಿಟರ್ ಹಚ್ಚಿದ್ರೆ ಚಪಾತಿ ಹಿಟ್ಟು ಸಂದೀಲಿ ಸಿಕ್ಕಾಕ್ಕೊಳ್ಳತ್ತೆ. ಅದಕ್ಕೆ ತುದಿ ಚಿಕ್ಕದಾಗಿ ಕತ್ತರಿಸಿ ದುಂಡಗೆ ಉಜ್ಜಿ ಕೆಮ್ಮಣ್ಣೇ ಹಚ್ಚಿದೆ, ಉಂಗುರದ ಬೆರಳಿಗೆ ಮಾತ್ರ ಊದುಬತ್ತಿ ಕಡ್ಡೀಲಿ ಐದು ಚುಕ್ಕಿಯ ಹೂವು. ಎರಡು ದಿನಕ್ಕೊಂದ್ಸಲ ಟಾಪ್ ಕೋಟ್ ತೆಳ್ಳಗೆ ಸವರ್ತಾ ಬಂದ್ವಿ, ಪಾತ್ರೆ ತೊಳೆಯೋದು ಬಿಡ್ಲಿಲ್ಲ ಅವರು, ಆದ್ರೂ ಒಂಬತ್ತು ದಿನ ಬಂತು.

ಬಾಗಿನ ಕೊಡೋಕೆ ಹೋದಾಗ ಚಿಕ್ಕಮ್ಮ ಕೈ ನೋಡಿ ಎಲ್ಲಿ ಮಾಡಿಸಿದ್ದು ಅತ್ತಿಗೆ ಅಂತ ಕೇಳಿದ್ದಕ್ಕೆ ಅಮ್ಮ, ಮನೇಲೇ, ನಾವಿಬ್ರೇ ಅಂದ್ರು. ಈಗ ಅವರ ರಂಗೋಲಿ ಪುಸ್ತಕದ ಹಿಂದಿನ ಹಾಳೇಲಿ ಉಗುರಿನ ಆಕಾರ ಬರ್ಕೊಂಡು ಅದರೊಳಗೆ ಡಿಸೈನ್ ಹಾಕ್ತಾ ಇದಾರೆ, ದೀಪಾವಳಿಗೆ ಹೆಬ್ಬೆರಳಿಗೆ ಒಂದು ದೀಪದ ಕಂಬ ಹಿಡಿಸ್ಬೇಕಂತೆ, ಬಿಳಿ ಬಾಟಲಿ ತಳ ಕಂಡಿದೆ ಇನ್ನೊಂದು ತಗೊಂಡ್ ಬಾ ಅಂತ ಇವತ್ತು ಬೆಳಗ್ಗೆ ನೆನಪಿಸಿದ್ರು.